ಪಿಟ್‌ಮೆನ್ಸ್ ಡರ್ಬಿ: ನಮ್ಮೂರ ಗಣಿಗಾರರ ಕುದುರೆ ಜಾತ್ರೆ

ನಾವು ನ್ಯೂಕಾಸಲ್‌ಗೆ ಬಂದ ಹೊಸತು. 2003ರ ಜೂನ್ ತಿಂಗಳು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಒಂಟಿಯಾಗಿ ಇದ್ದರು. ಒಂದು ಸಂಜೆ ಬೇಲಿಯಾಚೆಯಿಂದ ಕೂಗಿ, "ಈ ಶನಿವಾರ ಪ್ಲೇಟ್ ಇದೆ, ನೀವೂ ಬನ್ನಿ" ಎಂದರು. ಈ ಊರಿನ ಜಾರ್ಡಿ ಇಂಗ್ಲಿಷು ಇಂಗ್ಲೆಂಡಿನವರಿಗೇ ಪೂರ್ತಿ ಅರ್ಥವಾಗುವುದಿಲ್ಲ, ಇನ್ನು ನಮ್ಮ ಪಾಡೇನು? ಪ್ಲೇಟ್ ಎಂದರೆ ಎಲ್ಲರೂ ಒಂದೊಂದು ತಿಂಡಿ ತಂದು ಹಂಚಿಕೊಂಡು ತಿನ್ನುವ ಊಟವಿರಬೇಕು ಅಂದುಕೊಂಡೆವು. ಶನಿವಾರ ನನ್ನ ಹೆಂಡತಿ ದೊಡ್ಡ ತಟ್ಟೆಯ ತುಂಬ ಚಿತ್ರಾನ್ನ ಕಲಸಿ, ಮೇಲೆ ಫಾಯಿಲ್ ಮುಚ್ಚಿಕೊಂಡು ಅವರ ಬಾಗಿಲಲ್ಲಿ ನಿಂತಳು. ಅಜ್ಜ ಟೋಪಿ ಹಾಕಿ, ಟೈ ಕಟ್ಟಿ, ಕೈಯಲ್ಲಿ ಪೇಪರ್ ಹಿಡಿದು ಹೊರಟಿದ್ದರು. ತಟ್ಟೆಯನ್ನೂ ನಮ್ಮ ಮುಖವನ್ನೂ ನೋಡಿ ಅವರು ನಕ್ಕ ನಗು ಇನ್ನೂ ನೆನಪಿದೆ. ಆ ಚಿತ್ರಾನ್ನ ಅವರ ಅಡುಗೆಮನೆಯಲ್ಲಿ ಉಳಿಯಿತು. ನಾವು ಮೂವರೂ ಗೋಸ್‌ಫರ್ತ್ ಪಾರ್ಕಿನ ರೇಸ್‌ಕೋರ್ಸಿಗೆ ಹೋದೆವು.

ಆ "ಪ್ಲೇಟ್" ಅಂದರೆ ನಾರ್ಥಂಬರ್‌ಲ್ಯಾಂಡ್ ಪ್ಲೇಟ್. ಹಿಂದೆ ಕುದುರೆ ಪಂದ್ಯಗಳಲ್ಲಿ ಗೆದ್ದವರಿಗೆ ಬೆಳ್ಳಿಯ ಪಾತ್ರೆ ಕೊಡುತ್ತಿದ್ದ ಕಾಲದಿಂದ ಉಳಿದು ಬಂದ ಹೆಸರು. 1833ರಲ್ಲಿ ಶುರುವಾದ ಈ ಪಂದ್ಯ ಇಂದಿಗೂ ಪ್ರತಿ ವರ್ಷ ಜೂನ್ ಕೊನೆಯ ಹೊತ್ತಿಗೆ ನಡೆಯುತ್ತದೆ. ಎರಡು ಮೈಲಿಗೆ ಒಂದಿಷ್ಟು ಗಜ ಹೆಚ್ಚು ದೂರ, ಗರಿಷ್ಠ ಇಪ್ಪತ್ತು ಕುದುರೆ, ಮೂರು ವರ್ಷ ತುಂಬಿದ ಯಾವ ಕುದುರೆಯಾದರೂ ಸರಿ. ಆದರೆ ಈ ಕಡೆಯ ಜನ ಇದನ್ನು ಕರೆಯುವ ಹೆಸರೇ ಬೇರೆ: "ಪಿಟ್‌ಮೆನ್ಸ್ ಡರ್ಬಿ", ಅಂದರೆ ಕಲ್ಲಿದ್ದಲು ಗಣಿ ಕೆಲಸಗಾರರ ಡರ್ಬಿ.

ಹೆಸರಿನಲ್ಲಿ ಡರ್ಬಿ ಇದ್ದರೂ ಇದು ಡರ್ಬಿಯ ಜಾತಿಯ ಪಂದ್ಯವೇ ಅಲ್ಲ ಎನ್ನುವುದು ತಮಾಷೆ. 1780ರಿಂದ ಎಪ್ಸಮ್‌ನಲ್ಲಿ ನಡೆಯುವ ಅಸಲಿ ಡರ್ಬಿಯಲ್ಲಿ ಓಡುವುದು ಮೂರು ವರ್ಷದ ಕುದುರೆಗಳು ಮಾತ್ರ. ಗಂಡು ಕುದುರೆಗಳೆಲ್ಲ ಹೊರುವುದು ಒಂದೇ ತೂಕ. ಯಾವುದು ಶ್ರೇಷ್ಠ ಎಂದು ತೀರ್ಮಾನವಾಗಲಿ ಎನ್ನುವುದು ಅಲ್ಲಿನ ಉದ್ದೇಶ. ನಮ್ಮ ಪ್ಲೇಟು ಹ್ಯಾಂಡಿಕ್ಯಾಪ್ ಪಂದ್ಯ. ಇಲ್ಲಿ ಉದ್ದೇಶ ತದ್ವಿರುದ್ಧ: ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮನಾಗಿರಬೇಕು. ಅದಕ್ಕಾಗಿ ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬುಗಳಲ್ಲಿ ಸೀಸದ ತುಂಡು ಇಡುತ್ತಾರೆ. ಓಡುವ ಮೊದಲೂ ಜಾಕಿಯನ್ನು ಜೀನಿನ ಸಮೇತ ತೂಗುತ್ತಾರೆ, ಓಡಿ ಬಂದ ಮೇಲೂ ತೂಗುತ್ತಾರೆ. ಎರಡು ಮೈಲಿಯ ಓಟದಲ್ಲಿ ಒಂದು ಪೌಂಡ್ ಭಾರ ಹೆಚ್ಚುಕಡಿಮೆ ಒಂದು ಕುದುರೆಯ ಉದ್ದದಷ್ಟು ಅಂತರಕ್ಕೆ ಸಮ ಎಂದು ಲೆಕ್ಕ. ತೂಕ ನಿಗದಿ ಮಾಡುವವನ ಕನಸು ಇಪ್ಪತ್ತು ಕುದುರೆಗಳೂ ಒಂದೇ ಸಾಲಿನಲ್ಲಿ ಬಂದು ಗುರಿ ಮುಟ್ಟಬೇಕು ಎಂದು. ಅದು ಯಾವತ್ತೂ ಆಗುವುದಿಲ್ಲ ಬಿಡಿ.

ನನ್ನ ಹೆಂಡತಿ ಇದನ್ನು ಕೇಳಿ, "ಇದರಲ್ಲೇನು ಹೊಸದು? ಚೆನ್ನಾಗಿ ಕೆಲಸ ಮಾಡೋ ಸೊಸೆಗೇ ಅಲ್ವಾ ಇನ್ನಷ್ಟು ಕೆಲಸ ಹೇಳೋದು" ಎಂದಳು. ನಾನು ಸುಮ್ಮನಾದೆ.

ಹ್ಯಾಂಡಿಕ್ಯಾಪ್ ಎಂಬ ಮಾತಿನ ಮೂಲವೂ ಸ್ವಾರಸ್ಯವಾಗಿದೆ. ಹಿಂದೆ ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಮೂರನೆಯವನೊಬ್ಬ ಮಧ್ಯಸ್ಥನಾಗಿ ಬೆಲೆಯ ವ್ಯತ್ಯಾಸ ಹೇಳುತ್ತಿದ್ದ. ಪಣದ ಕಾಸು ಟೋಪಿಯೊಳಗೆ. ಎಲ್ಲರೂ ಟೋಪಿಯೊಳಗೆ ಕೈ ಹಾಕಿ ತೆಗೆದು ಒಪ್ಪಿಗೆಯೋ ಇಲ್ಲವೋ ತೋರಿಸುತ್ತಿದ್ದರು. ಆ "ಟೋಪಿಯೊಳಗೆ ಕೈ" ಎನ್ನುವುದೇ ಸವೆದು ಹ್ಯಾಂಡಿಕ್ಯಾಪ್ ಆಯಿತು. ನಮ್ಮ ಕನ್ನಡದ "ಟೋಪಿ ಹಾಕುವುದಕ್ಕೂ" ಇದಕ್ಕೂ ಸಂಬಂಧವಿಲ್ಲ. ಆದರೆ ಬೇಕೆಂದೇ ಕುದುರೆಯನ್ನು ನಿಧಾನವಾಗಿ ಓಡಿಸಿ, ಕಡಿಮೆ ತೂಕ ಗಿಟ್ಟಿಸಿ, ಆಮೇಲೆ ದೊಡ್ಡ ಪಂದ್ಯದಲ್ಲಿ ಬಿಡುವ ಚಾಳಿ ಹ್ಯಾಂಡಿಕ್ಯಾಪ್‌ನಷ್ಟೇ ಹಳೆಯದು. ಅದನ್ನು ತಡೆಯಲು 1855ರಲ್ಲಿ ಅಡ್ಮಿರಲ್ ರೌಸ್ ಎಂಬ ನೌಕಾದಳದ ಮನುಷ್ಯ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆದ. ಚುಕ್ಕಾಣಿ ಕಳಚಿಹೋದ ಹಡಗನ್ನು ಅಟ್ಲಾಂಟಿಕ್ ದಾಟಿಸಿ ತಂದ ಗಟ್ಟಿಗ ಅವನು. ಯಾವ ವಯಸ್ಸಿನ ಕುದುರೆಗೆ ಯಾವ ತಿಂಗಳಲ್ಲಿ ಎಷ್ಟು ತೂಕ ಎಂದು ಅವನು ಮಾಡಿದ ಕೋಷ್ಟಕವನ್ನು ಮುಂದಿನವರು ತಿದ್ದಿದರೇ ಹೊರತು ಎಸೆಯಲಿಲ್ಲ.

ಈಗ ಜಾಗದ ವಿಷಯ. ನ್ಯೂಕಾಸಲ್‌ಗೆ ಬಂದವರು ಟೌನ್ ಮೂರ್ ನೋಡಿಯೇ ಇರುತ್ತೀರಿ. ಊರಿನ ನಡುವೆ ಸುಮಾರು ಸಾವಿರ ಎಕರೆ ಬಯಲು, ಲಂಡನ್ನಿನ ಹೈಡ್ ಪಾರ್ಕಾಗಲಿ, ಹ್ಯಾಂಪ್‌ಸ್ಟೆಡ್ ಹೀತ್ ಆಗಲಿ ಇದಕ್ಕೆ ಸಮವಾಗದು. ಪಟ್ಟಣದ ಫ್ರೀಮೆನ್ ಎನ್ನುವವರಿಗೆ ಅಲ್ಲಿ ದನ ಮೇಯಿಸುವ ಹಕ್ಕಿದೆ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಈಗಲೂ ದನಗಳು ಮೇಯುತ್ತಿರುತ್ತವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಊರಿನ ಗೋಮಾಳ. ಒತ್ತುವರಿಯಾಗದೆ ಉಳಿದ ಗೋಮಾಳ ಎಂದರೆ ನಮ್ಮ ಕಡೆಯವರು ನಂಬಲಿಕ್ಕಿಲ್ಲ! ಈ ಗೋಮಾಳದ ಮೇಲೆಯೇ 1833ರಲ್ಲಿ ಮೊದಲ ಪ್ಲೇಟ್ ನಡೆಯಿತು. ಗೆದ್ದ ಕುದುರೆಯ ಹೆಸರು ಟಾಮ್‌ಬಾಯ್.

ಬೇಲಿಯಿಲ್ಲದ ಬಯಲು. ಹೀಗಾಗಿ ಸುತ್ತಮುತ್ತಲಿನ ಗಣಿ ಹಳ್ಳಿಗಳ ಜನ ಹೆಂಡತಿ ಮಕ್ಕಳ ಸಮೇತ ನಡೆದು ಬರುತ್ತಿದ್ದರು. ಜೂನ್ ಕೊನೆಯ ಆ ವಾರಕ್ಕೆ "ರೇಸ್ ವೀಕ್" ಎಂದೇ ಹೆಸರು. ಗಣಿಗಳು ಮುಚ್ಚಿರುತ್ತಿದ್ದವು. ಆಗಿನ ಕಾಲದಲ್ಲಿ ಆ ರಜೆಗೆ ಸಂಬಳವೇನೂ ಇಲ್ಲ. ಆದರೂ ವರ್ಷವಿಡೀ ಜನ ಅದಕ್ಕಾಗಿ ಕಾಯುತ್ತಿದ್ದರು. ಚಳಿಗಾಲದಲ್ಲಿ ಕತ್ತಲಲ್ಲಿ ಗಣಿಗಿಳಿದು ಕತ್ತಲಲ್ಲೇ ಮೇಲೆ ಬರುವವನಿಗೆ ಜೂನ್ ತಿಂಗಳ ರಾತ್ರಿ ಹತ್ತು ಗಂಟೆಯವರೆಗಿನ ಬೆಳಕು ಎಂದರೆ ಏನು ಎಂದು ಊಹಿಸಿಕೊಳ್ಳಿ.

ಅವರ ಬದುಕಿನ ಕಷ್ಟ ತಿಳಿಯಬೇಕಾದರೆ ಒಂದು ಘಟನೆ ಸಾಕು. 1862ರ ಜನವರಿಯಲ್ಲಿ ನ್ಯೂ ಹಾರ್ಟ್ಲಿ ಎಂಬಲ್ಲಿ ನೀರೆತ್ತುವ ಯಂತ್ರದ ದೈತ್ಯ ಕಬ್ಬಿಣದ ತೊಲೆ ತುಂಡಾಗಿ ಗಣಿಯ ಬಾವಿಯೊಳಗೆ ಬಿತ್ತು. ಆ ಗಣಿಗೆ ಇದ್ದದ್ದು ಅದೊಂದೇ ದಾರಿ. 204 ಜನ ಗಂಡಸರು ಮತ್ತು ಹುಡುಗರು ಸತ್ತರು. ಪ್ರತಿ ಗಣಿಗೂ ಕನಿಷ್ಠ ಎರಡು ದಾರಿ ಇರಬೇಕು ಎಂಬ ಕಾನೂನು ಬಂದದ್ದು ಅದಾದ ಮೇಲೆ. ಅದೇ ಜೂನ್ ತಿಂಗಳಲ್ಲಿ ಗೇಟ್ಸ್‌ಹೆಡ್‌ನ ಹಾಡುಗಾರ ಜಾರ್ಡಿ ರಿಡ್ಲಿ ಹಾಡಿದ್ದು "ಬ್ಲೇಡನ್ ರೇಸಸ್" ಹಾಡನ್ನು, ಇಂದು ಫುಟ್‌ಬಾಲ್ ಮೈದಾನದಲ್ಲಿ ಸಾವಿರಾರು ಕಂಠಗಳು ಹಾಡುತ್ತವಲ್ಲ, ಅದೇ. ಅದು ನಮ್ಮ ಪ್ಲೇಟ್ ಕುರಿತದ್ದು ಎಂದು ಅನೇಕರು ತಿಳಿದಿದ್ದಾರೆ. ಅಲ್ಲ, ಟೈನ್ ನದಿಯ ದಡದ ಬ್ಲೇಡನ್ ಎಂಬ ಚಿಕ್ಕ ಊರಿನ ರೇಸು ಅದು. ಆದರೆ ಹಾಡಿದವರೂ ರೇಸಿಗೆ ಹೋದವರೂ ಇದೇ ಜನ.

ಈ ಜನರಿಗೆ ಕುದುರೆಗಳೆಂದರೆ ನಮ್ಮಲ್ಲಿ ಸಿನಿಮಾ ನಟರಿದ್ದ ಹಾಗೆ. ಬೀಸ್‌ವಿಂಗ್ ಎಂಬ ಹೆಣ್ಣು ಕುದುರೆ ಹುಟ್ಟಿದ್ದು ಪ್ಲೇಟ್ ಶುರುವಾದ 1833ರಲ್ಲೇ, ಇದೇ ನಾರ್ಥಂಬರ್‌ಲ್ಯಾಂಡಿನಲ್ಲಿ. ಓಡಿದ 63 ಪಂದ್ಯಗಳಲ್ಲಿ 51 ಗೆದ್ದಿತು. ಅದರ ಹೆಸರಿನ ಪಬ್ಬುಗಳಿವೆ, ಸ್ಕಾಟ್‌ಲ್ಯಾಂಡಿನಲ್ಲಿ ಒಂದು ಊರೇ ಇದೆ. ಅದು ಮೆರೆದದ್ದು ಪ್ಲೇಟ್‌ನಲ್ಲಲ್ಲ, ಇದೇ ಬಯಲಿನ ನ್ಯೂಕಾಸಲ್ ಕಪ್‌ನಲ್ಲಿ, ಅದೂ ಆರು ಸಲ. ಪ್ಲೇಟ್‌ನ ದೊರೆ ಎಂದರೆ ಅಂಡರ್‌ಹ್ಯಾಂಡ್. 1857, 1858, 1859, ಸತತ ಮೂರು ವರ್ಷ. ಹ್ಯಾಂಡಿಕ್ಯಾಪ್‌ನಲ್ಲಿ ಇದು ಎಷ್ಟು ಕಷ್ಟ ನೋಡಿ: ಗೆದ್ದ ಮೇಲೆ ಭಾರ ಏರುತ್ತದೆ, ಮತ್ತೆ ಗೆದ್ದರೆ ಮತ್ತೂ ಏರುತ್ತದೆ. ಹಣ್ಣಿರುವ ಮರಕ್ಕೇ ಕಲ್ಲೇಟು. ನಾಲ್ಕು ವರ್ಷದ ನಂತರ ಕಾಲರ್ ಊ ಎಂಬ ಹೆಣ್ಣು ಕುದುರೆ 1863, 1864 ಎರಡೂ ವರ್ಷ ಗೆದ್ದಿತು. ಎಡಿನ್‌ಬರೋ ಬೀದಿಗಳಲ್ಲಿ ತಾಜಾ ಸಿಂಪಿ ಮಾರುವವರ ಕೂಗು ಅದು, "ಕಾಲರ್ ಊ!" ಮುಂಜಾನೆ ಬೀದಿಯಲ್ಲಿ "ಸೊಪ್ಪೂ" ಎಂದು ಕೂಗುತ್ತಾರಲ್ಲ, ಆ ಹೆಸರನ್ನೇ ಕುದುರೆಗೆ ಇಟ್ಟ ಹಾಗೆ. ಅದೇ ಕುದುರೆ 1861ರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಿದ್ದಾಗ ಸೇಂಟ್ ಲೆಜರ್ ಗೆದ್ದಿತ್ತು.

1881ರಲ್ಲಿ ಬಯಲಿನ ಕೊನೆಯ ರೇಸು. ಮರುವರ್ಷದಿಂದ ಪಂದ್ಯ ಊರಿನ ಉತ್ತರಕ್ಕೆ ಗೋಸ್‌ಫರ್ತ್ ಪಾರ್ಕಿಗೆ ಹೋಯಿತು. ಬ್ರ್ಯಾಂಡ್ಲಿಂಗ್ ಎಂಬ ಸಿರಿವಂತ ಮನೆತನದ ಹಳೆಯ ಎಸ್ಟೇಟನ್ನು ಕಂಪನಿಯೊಂದು ಕೊಂಡು ಮಾಡಿದ ರೇಸ್‌ಕೋರ್ಸ್ ಅದು. ಬಯಲು ಬಿಟ್ಟು ಆವರಣದ ಒಳಗೆ ಹೋಯಿತು ಎಂದರೆ ನಡೆದು ಬಂದವನು ಗೇಟಿನಲ್ಲಿ ಜೇಬು ತಡಕಬೇಕಾಯಿತು. ಆದರೂ ಜನ ಬಿಡಲಿಲ್ಲ, ಹೊಸ ಜಾಗಕ್ಕೂ ಬಂದರು.

ಬಯಲು ಮಾತ್ರ ಖಾಲಿ ಉಳಿಯಲಿಲ್ಲ. ಕುಡಿತ, ಜೂಜು ಎರಡನ್ನೂ ವಿರೋಧಿಸುತ್ತಿದ್ದ ಪಾನನಿರೋಧದವರು ಇದೇ ಸಮಯವೆಂದು ಅದೇ 1882ರ ರೇಸ್ ವೀಕ್‌ನಲ್ಲಿ ಟೌನ್ ಮೂರ್‌ನ ಮೇಲೆ ಒಂದು ಪಾನನಿರೋಧ ಉತ್ಸವ ಮಾಡಿದರು. ಮಕ್ಕಳಿಗೆ ಆಟ, ಬ್ಯಾಂಡು, ಓಟದ ಸ್ಪರ್ಧೆ, ಬೀರು ಮಾತ್ರ ಇಲ್ಲ. ಜನ ಕಿಕ್ಕಿರಿದು ಬಂದರು. ಅದೇ ಬೆಳೆದು ಇಂದಿನ "ಹಾಪಿಂಗ್ಸ್" ಆಗಿದೆ, ಯುರೋಪಿನ ಅತಿದೊಡ್ಡ ಸಂಚಾರಿ ಜಾತ್ರೆಗಳಲ್ಲಿ ಒಂದು. ನಮ್ಮ ಮಕ್ಕಳು ಜಯಂಟ್ ವೀಲ್ ಹತ್ತಿ ಕಿರುಚುವ ಆ ಜಾತ್ರೆ ಹುಟ್ಟಿದ್ದು ಕುದುರೆ ಜೂಜಿನ ಮೇಲಿನ ಕೋಪದಿಂದ ಎಂದರೆ ಅವರು ನಂಬುವುದಿಲ್ಲ.

ನನಗೆ ಆ ಕೋಪ ಅರ್ಥವಾಗುತ್ತದೆ. ರೇಸಿಗೆ ಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮ, "ಏನೋ, ಅಷ್ಟು ದೂರ ಹೋಗಿ ಕುದುರೆ ಬಾಲಾನೇ ಹಿಡ್ಕೊಂಡ್ಯಾ?" ಎಂದು ಬೈದಿದ್ದರು. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ಸಂಬಳದ ದಿನ ಮನೆ ದಾರಿ ಮರೆತವರ ಕಥೆಗಳು ನಮ್ಮ ಪ್ರತಿ ವಂಶದಲ್ಲೂ ಒಂದೊಂದಾದರೂ ಇವೆ. ಇಲ್ಲಿನ ಗಣಿ ಹಳ್ಳಿಗಳ ಹೆಂಗಸರಿಗೂ ರೇಸ್ ವೀಕ್ ಮುಗಿದ ಮೇಲಿನ ವಾರ ಹೇಗಿರುತ್ತಿತ್ತು ಎಂದು ಯಾರೂ ಹಾಡು ಕಟ್ಟಿದಂತಿಲ್ಲ.

ನಮ್ಮ ಪಕ್ಕದ ಮನೆಯ ಅಜ್ಜನನ್ನು ನಾವು ಆ ಹೊತ್ತಿಗೆ "ತಾತ" ಎಂದೇ ಕರೆಯುತ್ತಿದ್ದೆವು. ಅವರು ನನ್ನ ಹೆಂಡತಿಯನ್ನು "ಹಿನ್ನಿ" ಎನ್ನುತ್ತಿದ್ದರು. ಈ ಕಡೆ ಪ್ರೀತಿಯಿಂದ ಹೆಣ್ಣುಮಕ್ಕಳನ್ನು ಕರೆಯುವ ಮಾತದು. ಅವರು 1945ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಗಣಿಗಿಳಿದವರು. ಮೊದಲ ಕೆಲಸ ಕುದುರೆಯ ಜೊತೆ, ಅಂದರೆ ನೆಲದಡಿ ಕಲ್ಲಿದ್ದಲಿನ ತೊಟ್ಟಿಗಳನ್ನು ಎಳೆಯುವ ಪಿಟ್ ಪೋನಿಯ ಜೊತೆ. 1842ರ ಕಾನೂನು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸದಿಂದ ಬಿಡಿಸಿದ ಮೇಲೆ ಈ ಪುಟ್ಟ ಕುದುರೆಗಳ ಬಳಕೆ ಹೆಚ್ಚಿತು. 1913ರ ಹೊತ್ತಿಗೆ ಬ್ರಿಟನ್ನಿನ ಗಣಿಗಳಲ್ಲಿ ಸುಮಾರು 70,000 ಇದ್ದವು. ಆಳವಾದ ಗಣಿಗಳಲ್ಲಿ ಅವುಗಳ ಲಾಯವೂ ನೆಲದಡಿಯಲ್ಲೇ. ಕೆಲವು ಗಣಿಗಳಲ್ಲಿ ವರ್ಷದ ರಜೆಗೆ ಅವುಗಳನ್ನೂ ಮೇಲಕ್ಕೆ ತರುತ್ತಿದ್ದರು. ತಾತ ಹೇಳಿದ್ದು ನನಗೆ ಮರೆಯುವುದಿಲ್ಲ. "ಹುಲ್ಲಿಗೆ ಬಿಟ್ಟ ಮೊದಲ ಗಳಿಗೆ ಅದು ಅಲ್ಲಾಡದೆ ನಿಂತುಬಿಡ್ತಿತ್ತು. ಆಮೇಲೆ ಓಡ್ತಿತ್ತು ನೋಡು, ಯಾವ ಪ್ಲೇಟ್ ಕುದುರೇನೂ ಹಾಗೆ ಓಡಿದ್ದು ನಾನು ನೋಡಿಲ್ಲ. ಮತ್ತೆ ಹಿಡಿದು ಕೆಳಗೆ ಇಳಿಸೋಕೆ ಇಡೀ ದಿನ ಬೇಕಾಗ್ತಿತ್ತು."

ಮೇಲೆ ಹತ್ತು ಸಾವಿರ ಜನ ಕೂಗುತ್ತ ನೋಡುವ ಕುದುರೆ, ಕೆಳಗೆ ಯಾರೂ ನೋಡದ ಕುದುರೆ. ಎರಡನ್ನೂ ಬಲ್ಲವರು ಈ ಗಣಿಗಾರರು. ಸಿರಿವಂತರ ಆಟವೊಂದನ್ನು ಅವರು ಯಾಕೆ ತಮ್ಮದೆಂದು ಅಪ್ಪಿಕೊಂಡರು ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇಷ್ಟೇ: ಭಾರ ಹೊತ್ತು ಓಡುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾತ ಪ್ರತಿ ವರ್ಷ ಪ್ಲೇಟ್‌ನಲ್ಲಿ ಒಂದೇ ಒಂದು ಪೌಂಡು ಕಟ್ಟುತ್ತಿದ್ದರು, ಅದೂ ಎಲ್ಲಕ್ಕಿಂತ ಹೆಚ್ಚು ತೂಕ ಹೊತ್ತ ಕುದುರೆಯ ಮೇಲೆ. ಅದು ಗೆಲ್ಲುವುದು ಅಪರೂಪ ಎಂದು ಅವರಿಗೆ ಚೆನ್ನಾಗಿ ಗೊತ್ತು. ಯಾಕೆ ತಾತ ಎಂದು ಕೇಳಿದರೆ, "ಕೊಟ್ಟ ಹೊರೆ ಇಳಿಸಿ ಅಂತ ಅದು ಕೇಳಿಲ್ವಲ್ಲ" ಎನ್ನುತ್ತಿದ್ದರು.

ರೇಸ್ ವೀಕ್ ರಜೆ 1949ಕ್ಕೆ ನಿಂತಿತು. ಅದಕ್ಕೆ ಎರಡು ವರ್ಷ ಮೊದಲು, 1947ರ ಜನವರಿಯಲ್ಲಿ, ಗಣಿಗಳೆಲ್ಲ ಸರ್ಕಾರದ ಕೈಗೆ ಬಂದಿದ್ದವು. ಬುಧವಾರ ನಡೆಯುತ್ತಿದ್ದ ಪ್ಲೇಟ್ ಶನಿವಾರಕ್ಕೆ ಬಂತು. ತಾತನಿಗೆ ಹೀಗೆ ಸಿಕ್ಕಿದ್ದು ನಾಲ್ಕೇ ನಾಲ್ಕು ರೇಸ್ ವೀಕ್‌ಗಳು. ಆದರೆ ಮಾತಿಗೆ ಕುಳಿತರೆ ನಲವತ್ತು ವರ್ಷದಷ್ಟು ಕಥೆ! ಮುಂದಿನದು ನಿಮಗೆಲ್ಲ ಗೊತ್ತಿರುವುದೇ. ಒಂದೊಂದೇ ಗಣಿ ಮುಚ್ಚುತ್ತ ಬಂತು. 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಮುಷ್ಕರವೂ ಅದನ್ನು ತಡೆಯಲಿಲ್ಲ. 1994ರಲ್ಲಿ ನಾರ್ಥಂಬರ್‌ಲ್ಯಾಂಡಿನ ಎಲ್ಲಿಂಗ್‌ಟನ್ ಗಣಿಯಿಂದ ಕೊನೆಯ ಪೋನಿಗಳು ಮೇಲೆ ಬಂದವು. 2005ರ ಜನವರಿಯಲ್ಲಿ ಎಲ್ಲಿಂಗ್‌ಟನ್ನೇ ಮುಚ್ಚಿತು. ಈ ಇಡೀ ಸೀಮೆಯ ಕೊನೆಯ ಆಳದ ಗಣಿ ಅದು.

ಆ ಸಂಜೆ ನಾನು ತಾತನ ಮನೆಗೆ ಹೋಗಿದ್ದೆ. ಮಾತು ತೋಚದೆ ನನ್ನ ಊರಿನ ವಿಷಯ ಹೇಳಿದೆ. ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನಲ್ಲಿ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಚಿನ್ನದ ಗಣಿ ಅದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಂಗ್ಲೆಂಡಿನಿಂದ ಬಂದು ಶುರು ಮಾಡಿದ ಆ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಬೆಳಿಗ್ಗೆ ಶಿಫ್ಟಿನ ಸೈರನ್ ಕೂಗದ ಮೊದಲ ದಿನ ಅಪ್ಪ ಅಭ್ಯಾಸಬಲದಿಂದ ಎದ್ದು ಬೂಟು ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದರಂತೆ. ತಾತ ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಯಾವ ಬೂಟು ಹಾಕ್ತಿದ್ದರು?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿ ಹೇಳಿದೆ.

ಅದೇ 2005ರ ಜೂನಿನ ಪ್ಲೇಟ್‌ಗೆ ನಾವು ಒಟ್ಟಿಗೆ ಹೋದೆವು. ಗೆದ್ದದ್ದು ಸಾರ್ಜೆಂಟ್ ಸೆಸಿಲ್. ದೂರದ ಡೆವನ್‌ನಲ್ಲಿ ರಾಡ್ ಮಿಲ್‌ಮನ್ ತರಬೇತಿ ಕೊಟ್ಟ ಕುದುರೆ, ಜಾಕಿ ಅಲನ್ ಮನ್ರೋ. ಅದೇ ಬೇಸಿಗೆ ಯಾರ್ಕ್‌ನ ಇಬೋರ್ ಹ್ಯಾಂಡಿಕ್ಯಾಪನ್ನೂ, ಶರತ್ಕಾಲದಲ್ಲಿ ನ್ಯೂಮಾರ್ಕೆಟ್‌ನ ಸೆಸರೆವಿಚ್ ಹ್ಯಾಂಡಿಕ್ಯಾಪನ್ನೂ ಅದು ಗೆದ್ದಿತು. ಒಂದೇ ವರ್ಷದಲ್ಲಿ ಈ ಮೂರನ್ನೂ ಗೆದ್ದ ಮೊದಲ ಕುದುರೆ. ಮೊದಲ ಗೆಲುವಿನ ದಿನ ಅದು ಹೊತ್ತದ್ದು ಅತಿ ಹೆಚ್ಚಿನ ತೂಕವಲ್ಲವಾದ್ದರಿಂದ ತಾತನ ಪೌಂಡು ಎಂದಿನಂತೆ ಹೋಯಿತು. ಸೆಸರೆವಿಚ್ ಗೆದ್ದ ಸುದ್ದಿ ಪೇಪರಿನಲ್ಲಿ ಬಂದಾಗ, "ಈಗ ಅದಕ್ಕೆ ಹೊರೆ ಹೊರಿಸ್ತಾರೆ ನೋಡು, ಮುಂದಿನ ಸಲ ಅದರ ಮೇಲೇ ನನ್ನ ಕಾಸು" ಎಂದಿದ್ದರು.

2009ರಲ್ಲಿ ತಾತ ತೀರಿಕೊಂಡರು. ಆಮೇಲೆ ಬಹಳ ವರ್ಷ ನಾವು ಗೋಸ್‌ಫರ್ತ್ ಪಾರ್ಕಿನ ಕಡೆ ತಲೆ ಹಾಕಲಿಲ್ಲ. ಈ ನಡುವೆ ಅಲ್ಲಿ ದೊಡ್ಡ ಬದಲಾವಣೆಯಾಯಿತು. 2016ರಲ್ಲಿ ಹುಲ್ಲಿನ ಓಟದ ಹಾದಿ ಹೋಗಿ ಟ್ಯಾಪೆಟಾ ಎಂಬ ಕೃತಕ ಹಾಸು ಬಂತು. ಮರಳು, ನೂಲಿನ ಎಳೆಗಳು, ಮೇಣ ಸೇರಿಸಿ ಮಾಡಿದ್ದು; ಮಳೆ ಬಂದರೂ ಚಳಿ ಇದ್ದರೂ ಓಡಿಸಬಹುದು, ದೀಪ ಹಾಕಿ ರಾತ್ರಿಯೂ ಓಡಿಸಬಹುದು. ಹಳಬರು ಗೊಣಗಿದರು. 180ಕ್ಕೂ ಹೆಚ್ಚು ವರ್ಷ ಹುಲ್ಲಿನ ಮೇಲೆ ಓಡಿದ ಪಂದ್ಯ ಅದು. ನನಗೂ ಹುಲ್ಲೇ ಚೆನ್ನ ಅನ್ನಿಸುತ್ತದೆ, ಆದರೆ ವ್ಯವಹಾರ ನಡೆಸುವವರ ಲೆಕ್ಕ ಬೇರೆ. ಇಪ್ಪತ್ತರಲ್ಲಿ ಜಾಗ ಸಿಗದ ಕುದುರೆಗಳಿಗೆ "ನಾರ್ಥಂಬರ್‌ಲ್ಯಾಂಡ್ ವಾಸ್" ಎಂಬ ಇನ್ನೊಂದು ಪಂದ್ಯವಿದೆ, ಸಮಾಧಾನದ ಬಹುಮಾನದಂತೆ.

2022ರ ಜೂನ್‌ನಲ್ಲಿ ಮಗಳು, ಆಗ ಯೂನಿವರ್ಸಿಟಿಯಲ್ಲಿದ್ದಳು, "ಅಪ್ಪಾ, ತಾತನ ಪ್ಲೇಟ್‌ಗೆ ಹೋಗೋಣ" ಎಂದಳು. ಆ ವರ್ಷ ಟ್ರೂಶಾನ್ ಎಂಬ ಕುದುರೆ ಬಂದಿತ್ತು, ತರಬೇತುದಾರ ಅಲನ್ ಕಿಂಗ್. ದೂರದ ಓಟದಲ್ಲಿ ಯುರೋಪಿನ ಅತ್ಯುತ್ತಮ ಕುದುರೆಗಳಲ್ಲಿ ಒಂದು. ರಾಯಲ್ ಆಸ್ಕಾಟ್‌ನಲ್ಲಿ ನೆಲ ತೀರ ಗಟ್ಟಿಯಾಗಿದೆಯೆಂದು ಅಲ್ಲಿ ಓಡಿಸದೆ ಇಲ್ಲಿಗೆ ಕರೆತಂದಿದ್ದರು. ಅಂಥ ಕುದುರೆ ಹ್ಯಾಂಡಿಕ್ಯಾಪ್‌ಗೆ ಬಂದರೆ ಬಿಡುತ್ತಾರೆಯೇ? 10 ಸ್ಟೋನ್ 8 ಪೌಂಡ್ ಹೊರಿಸಿದರು, ಅಂದರೆ ಸುಮಾರು 67 ಕಿಲೋ. ಜೊತೆಗೆ ಓಡಿದ ಹಲವು ಕುದುರೆಗಳಿಗಿಂತ ಹತ್ತು ಕಿಲೋಗೂ ಹೆಚ್ಚು. ಇಷ್ಟು ಹೊತ್ತು ಎರಡು ಮೈಲಿ ಓಡಿ ಗೆಲ್ಲುವುದುಂಟೇ ಎಂದು ಪಕ್ಕದಲ್ಲಿ ನಿಂತವರೆಲ್ಲ ತಲೆ ಆಡಿಸಿದರು. ನಾನು ತಾತನ ಲೆಕ್ಕದಲ್ಲಿ ಒಂದು ಪೌಂಡು ಕಟ್ಟಿದೆ.

ಕೊನೆಯ ತಿರುವು ದಾಟಿ ನೇರ ದಾರಿಗೆ ಬಂದಾಗ ನನಗೆ ಏನೂ ಕಾಣಲಿಲ್ಲ, ಎದುರಿಗೆ ಟೋಪಿಗಳ ಸಾಲು. ಮಗಳು ಬೆಂಚಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದಳು. ಟ್ರೂಶಾನ್ ಗೆದ್ದಿತು. ನನಗಿಂತ ಮೊದಲು ಅವಳೇ ಅತ್ತಳು.

ಬಂದ ಹಣ ದೊಡ್ಡದೇನಲ್ಲ. ಮರುದಿನ ಅದರಲ್ಲಿ ಹೂವು ಕೊಂಡು ತಾತನ ಸಮಾಧಿಗೆ ಇಟ್ಟು, ಉಳಿದದ್ದರಲ್ಲಿ ಟೌನ್ ಮೂರ್‌ನ ಹಾಪಿಂಗ್ಸ್‌ನಲ್ಲಿ ಮೂವರೂ ಚಿಪ್ಸ್ ತಿಂದೆವು. ಈ ಸಲದ ಜೂನಿನಲ್ಲೂ ಹೋಗುವವರಿದ್ದೇವೆ. ರೇಸು ಬೇಡ ಎನ್ನುವವರು ಜಾತ್ರೆಗಾದರೂ ಬನ್ನಿ. ಚಿತ್ರಾನ್ನದ ತಟ್ಟೆ ನಮ್ಮದು.